ಕೊಂಬಿಲ್ಲದ ‘ಕುದುರೆ’: ರಿವಾಲ್ವರ್‌ನಿಂದ ಗುಂಡು ತಾನಾಗಿಯೇ ಹಾರುವುದೇ?

‘ಗನ್ ಮಿಸ್‌ಫೈರ್ ಆಗಿ ಸಾವು’ ಎಂಬ ತಲೆಬರಹ ಕನ್ನಡ ಪತ್ರಿಕೆಗಳ ಓದುಗರಿಗೆ ಹೊಸದಲ್ಲ. ಆಯುಧವನ್ನು ಸ್ವಚ್ಛಗೊಳಿಸುವಾಗ, ಸೊಂಟದ ಚೀಲದಿಂದ ತೆಗೆಯುವಾಗ, ಮದುವೆಯ ಮೆರವಣಿಗೆಯಲ್ಲಿ ಕೈಯಿಂದ ಕೈಗೆ ದಾಟಿಸುವಾಗ ‘ಆಕಸ್ಮಿಕವಾಗಿ ಗುಂಡು ಹಾರಿತು’ ಎಂದು ವರದಿಯಾಗುತ್ತದೆ. ಆಯುಧಶಾಸ್ತ್ರದ ಪರಿಭಾಷೆಯಲ್ಲಿ ‘ಮಿಸ್‌ಫೈರ್’ ಎಂದರೆ ಇದಕ್ಕೆ ತದ್ವಿರುದ್ಧ. ಟ್ರಿಗರ್ ಎಳೆದರೂ ತೋಟಾ ಸಿಡಿಯದೇ ಉಳಿಯುವುದಕ್ಕೆ ಆ ಹೆಸರು. ಬೇಡವಾದಾಗ ಹಾರಿದ ಗುಂಡಿಗೆ ಬೇರೆಯದೇ ಕಾರಣಗಳಿರುತ್ತವೆ ಮತ್ತು ಆ ಕಾರಣಗಳಲ್ಲಿ ಬಹುಪಾಲು ಆಯುಧ ಹಿಡಿದ ಕೈಗೆ ಸಂಬಂಧಿಸಿದವು.

ಈ ಕಾರಣಗಳನ್ನು ಯಂತ್ರದ ಮಟ್ಟದಲ್ಲಿಯೇ ತಡೆಯಲು ನಡೆದ ಪ್ರಯತ್ನಗಳಲ್ಲಿ ಅತ್ಯಂತ ಸರಳವಾದುದು ರಿವಾಲ್ವರ್‌ನ ಹ್ಯಾಮರ್ ಮೇಲಿನ ಪುಟ್ಟ ಚಾಚನ್ನು ತೆಗೆದುಹಾಕಿದ್ದು. ಹೆಬ್ಬೆರಳಿನ ಉಗುರಿನಷ್ಟಿರುವ ಈ ಲೋಹದ ತುಣುಕು ಇರಬೇಕೋ ಬೇಡವೋ ಎಂಬ ಪ್ರಶ್ನೆ ಸೈನ್ಯಗಳನ್ನೂ ಮಹಾನಗರಗಳ ಪೊಲೀಸ್ ಇಲಾಖೆಗಳನ್ನೂ ದಶಕಗಳ ಕಾಲ ಕಾಡಿದೆ.

ಕುದುರೆ ಮತ್ತು ಅದರ ಕೊಂಬು

ತೋಟಾದ ಹಿಂಬದಿಗೆ ಬಡಿದು ಅದನ್ನು ಸಿಡಿಸುವ ಭಾಗವನ್ನು ಇಂಗ್ಲಿಷಿನಲ್ಲಿ ‘ಹ್ಯಾಮರ್’ ಎನ್ನುತ್ತಾರೆ. ಕೋವಿ ಬಲ್ಲ ಕನ್ನಡಿಗರು ಇದನ್ನು ‘ಕುದುರೆ’ ಎಂದು ಕರೆಯುತ್ತ ಬಂದಿದ್ದಾರೆ. ಕೆಲವೆಡೆ ಟ್ರಿಗರ್‌ಗೂ ಇದೇ ಹೆಸರಿದೆ. ಈ ಲೇಖನದಲ್ಲಿ ಕುದುರೆ ಎಂದರೆ ಹ್ಯಾಮರ್ ಎಂದೇ ತಿಳಿಯತಕ್ಕದ್ದು.

ಕುದುರೆಯ ಹಿಂತುದಿಯಲ್ಲಿ ಹೆಬ್ಬೆರಳು ಹಾಕಿ ಹಿಂದಕ್ಕೆ ಎಳೆಯಲು ಅನುಕೂಲವಾಗುವಂತೆ ಗೀರುಗಳುಳ್ಳ ಒಂದು ಬಾಗಿದ ಚಾಚು ಇರುತ್ತದೆ. ಇಂಗ್ಲಿಷಿನ ‘ಸ್ಪರ್’ ಇದೇ. ಇದನ್ನು ಕೊಂಬು ಎಂದು ಕರೆಯಬಹುದು. ಕೊಂಬಿಲ್ಲದ ಎತ್ತನ್ನು ನಮ್ಮ ರೈತರು ‘ಬೋಳ’ ಎನ್ನುವಂತೆ, ಈ ಚಾಚಿಲ್ಲದ ಕುದುರೆಯನ್ನು ಬೋಳು ಕುದುರೆ ಎನ್ನಲಡ್ಡಿಯಿಲ್ಲ.

ರಿವಾಲ್ವರ್‌ನಿಂದ ಗುಂಡು ಹಾರಿಸಲು ಎರಡು ವಿಧಾನಗಳಿವೆ. ಮೊದಲನೆಯದು ‘ಸಿಂಗಲ್ ಆಕ್ಷನ್’. ಇದರಲ್ಲಿ ಹೆಬ್ಬೆರಳಿನಿಂದ ಕುದುರೆಯನ್ನು ಹಿಂದಕ್ಕೆಳೆದು ನಿಲ್ಲಿಸಲಾಗುತ್ತದೆ. ಸ್ಪ್ರಿಂಗನ್ನು ಬಿಗಿಯುವ ಕೆಲಸ ಅಲ್ಲಿಗೆ ಮುಗಿದಿರುತ್ತದೆ. ಅನಂತರ ಟ್ರಿಗರ್ ಮಾಡಬೇಕಾದುದು ಕುದುರೆಯನ್ನು ಬಿಡಿಸುವ ಕೆಲಸವೊಂದನ್ನೇ. ಆದ್ದರಿಂದ ಅದು ಹಗುರವಾಗಿ, ಕೆಲವೇ ಮಿಲಿಮೀಟರ್ ಚಲನೆಯಲ್ಲಿ ಕೆಲಸ ಮುಗಿಸುತ್ತದೆ.

ಎರಡನೆಯದು ‘ಡಬಲ್ ಆಕ್ಷನ್’. ಇದರಲ್ಲಿ ಟ್ರಿಗರ್ ಎರಡು ಕೆಲಸ ಮಾಡುತ್ತದೆ. ಮೊದಲು ಕುದುರೆಯನ್ನು ಹಿಂದಕ್ಕೆತ್ತುತ್ತದೆ, ನಂತರ ಬಿಟ್ಟುಬಿಡುತ್ತದೆ. ಇದೇ ಅವಧಿಯಲ್ಲಿ ಸಿಲಿಂಡರ್ ಕೂಡ ಒಂದು ಮನೆ ಮುಂದಕ್ಕೆ ತಿರುಗುತ್ತದೆ. ಬೆರಳು ದೀರ್ಘವಾಗಿ ಮತ್ತು ಭಾರವಾಗಿ ಎಳೆಯಬೇಕು.

ಅಂಕಿಗಳಲ್ಲಿ ಹೇಳುವುದಾದರೆ, ಬ್ರಿಟಿಷ್ ಸೈನ್ಯದ ಎನ್‌ಫೀಲ್ಡ್ ನಂ. 2 ಮಾರ್ಕ್ 1 ರಿವಾಲ್ವರ್‌ನಲ್ಲಿ ಕುದುರೆ ಎತ್ತಿಟ್ಟಾಗ ಟ್ರಿಗರ್‌ಗೆ ಬೇಕಾದ ಬಲ ಸುಮಾರು 5ರಿಂದ 7 ಪೌಂಡ್, ಅಂದರೆ ಎರಡೂಕಾಲರಿಂದ ಮೂರೂಕಾಲು ಕಿಲೋ. ಡಬಲ್ ಆಕ್ಷನ್‌ನಲ್ಲಿ 13ರಿಂದ 15 ಪೌಂಡ್, ಅಂದರೆ ಸುಮಾರು 6ರಿಂದ 7 ಕಿಲೋ. ಆರು ಲೀಟರ್ ನೀರನ್ನು ಒಂದೇ ತೋರುಬೆರಳಿನಲ್ಲಿ ಎಳೆಯುವ ಶ್ರಮ ಇದು. ಈ ಶ್ರಮ ಅರಿವಿಲ್ಲದೆ ನಡೆಯುವುದು ಕಷ್ಟ. ಹಗುರವಾದ ಎಳೆತ ಅರಿವಿಲ್ಲದೆಯೂ ನಡೆದುಹೋಗಬಹುದು. ಬೋಳು ಕುದುರೆಯ ತರ್ಕವೆಲ್ಲ ಈ ವ್ಯತ್ಯಾಸದ ಮೇಲೆ ನಿಂತಿದೆ.

ಟ್ಯಾಂಕಿನೊಳಗಿನ ತೊಡಕು

ಬೋಳು ಕುದುರೆ ದೊಡ್ಡ ಪ್ರಮಾಣದಲ್ಲಿ ಬಳಕೆಗೆ ಬಂದದ್ದು ಸೈನ್ಯದ ಒಂದು ಸಣ್ಣ ತೊಂದರೆಯಿಂದ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಅಧಿಕಾರಿಗಳ ಕೈಯಲ್ಲಿದ್ದುದು .455 ಅಳತೆಯ ಭಾರಿ ವೆಬ್ಲಿ ರಿವಾಲ್ವರ್. ಯುದ್ಧಾನಂತರ ಕಡಿಮೆ ತರಬೇತಿಯಲ್ಲಿ ಹಿಡಿತಕ್ಕೆ ಬರುವ ಹಗುರ ಆಯುಧ ಬೇಕೆನಿಸಿ, .380 ಅಳತೆಯ ಎನ್‌ಫೀಲ್ಡ್ ನಂ. 2 ಮಾರ್ಕ್ 1 ಅನ್ನು 1932ರಲ್ಲಿ ಅಂಗೀಕರಿಸಲಾಯಿತು. ಇದಕ್ಕೆ ಕೊಂಬಿತ್ತು.

ಟ್ಯಾಂಕ್ ಪಡೆಯ ಸೈನಿಕರು ಇಕ್ಕಟ್ಟಾದ ಬಾಗಿಲುಗಳಲ್ಲಿ ಇಳಿಯುವಾಗ, ಹತ್ತುವಾಗ ಈ ಕೊಂಬು ಒಳಗಿನ ಸಲಕರಣೆಗಳಿಗೆ ಸಿಕ್ಕಿಕೊಳ್ಳುತ್ತಿತ್ತು. ಸಿಕ್ಕಿ ಎಳೆದ ಕುದುರೆ ಜಾರಿದರೆ ಗುಂಡು ಹಾರುವ ಅಪಾಯವಿತ್ತು. ಇದಕ್ಕೆ ಪರಿಹಾರವಾಗಿ 1938ರಲ್ಲಿ ಬಂದ ‘ಮಾರ್ಕ್ 1 ಸ್ಟಾರ್’ ಮಾದರಿಯಲ್ಲಿ ಕೊಂಬನ್ನು ತೆಗೆಯಲಾಯಿತು. ಕುದುರೆಯನ್ನು ಎತ್ತಿ ನಿಲ್ಲಿಸುವ ಒಳಗಿನ ಕಚ್ಚನ್ನೂ ತೆಗೆದು, ಆಯುಧ ಡಬಲ್ ಆಕ್ಷನ್‌ನಲ್ಲಿ ಮಾತ್ರ ಕೆಲಸ ಮಾಡುವಂತೆ ಮಾಡಲಾಯಿತು. ಎಳೆತದ ಭಾರ ತಗ್ಗಲೆಂದು ಸ್ಪ್ರಿಂಗನ್ನು ಸಡಿಲಿಸಿ 11ರಿಂದ 13 ಪೌಂಡ್‌ಗೆ ಇಳಿಸಲಾಯಿತು. ಮೊದಲಿನ ಮಾದರಿಗಳು ದುರಸ್ತಿಗೆ ಬಂದಾಗ ಅವನ್ನೂ ಇದೇ ರೀತಿ ಮಾರ್ಪಡಿಸಲಾಯಿತು. ಇಂದು ಸಂಗ್ರಹಾಲಯಗಳಲ್ಲಿ ಕಾಣುವ ಎನ್‌ಫೀಲ್ಡ್‌ಗಳಲ್ಲಿ ಹೆಚ್ಚಿನವು ಬೋಳಾಗಿರುವುದು ಈ ಕಾರಣದಿಂದಲೇ.

ಎಲ್ಲರಿಗೂ ಇದು ಹಿಡಿಸಲಿಲ್ಲ. ದೂರದ ಗುರಿಗೆ ನಿಧಾನವಾಗಿ, ನಿಖರವಾಗಿ ಹೊಡೆಯಲು ಸಿಂಗಲ್ ಆಕ್ಷನ್ ಅನುಕೂಲವಾಗಿತ್ತು. ಅದು ಕೈತಪ್ಪಿದ್ದಕ್ಕೆ ಸೈನಿಕರು ಗೊಣಗಿದರು. ಆದರೆ ರಿವಾಲ್ವರ್ ಹೊರಬರುವುದು ಕೆಲವೇ ಅಡಿಗಳ ದೂರದ ಹಠಾತ್ ಘರ್ಷಣೆಯಲ್ಲಿ. ಅಲ್ಲಿ ಕುದುರೆ ಎತ್ತಲು ಸಮಯವೂ ಇರುವುದಿಲ್ಲ, ಅಗತ್ಯವೂ ಇರುವುದಿಲ್ಲ.

ಬೋಳಾದರೆ ಸಾಲದು

ಕೊಂಬು ತೆಗೆದ ಮಾತ್ರಕ್ಕೆ ರಿವಾಲ್ವರ್ ಸುರಕ್ಷಿತವಾಗುವುದಿಲ್ಲ ಎಂಬುದಕ್ಕೂ ಇದೇ ಎನ್‌ಫೀಲ್ಡ್ ಸಾಕ್ಷಿ. 1942ರಲ್ಲಿ ಯುದ್ಧಕಾಲದ ತುರ್ತಿಗಾಗಿ ‘ಮಾರ್ಕ್ 1 ಡಬಲ್ ಸ್ಟಾರ್’ ಎಂಬ ಮಾದರಿ ಬಂತು. ಉತ್ಪಾದನೆ ಬೇಗನೆ ಆಗಲೆಂದು ಇದರಲ್ಲಿ ಒಳಗಿನ ಒಂದು ತಡೆಯನ್ನು ಕೈಬಿಡಲಾಗಿತ್ತು. ಟ್ರಿಗರ್ ಎಳೆಯದ ಹೊರತು ಕುದುರೆ ತೋಟಾವನ್ನು ಮುಟ್ಟದಂತೆ ನೋಡಿಕೊಳ್ಳುತ್ತಿದ್ದ ಭಾಗ ಅದು. ತುಂಬಿದ ಆಯುಧ ಕೈಜಾರಿ ಬಿದ್ದರೆ ಗುಂಡು ಹಾರುವ ಸ್ಥಿತಿ ಉಂಟಾಯಿತು. ಯುದ್ಧಾನಂತರ ಈ ಆಯುಧಗಳನ್ನು ಹಿಂದಕ್ಕೆ ಕರೆಸಿ, ತಡೆಯನ್ನು ಮರಳಿ ಅಳವಡಿಸಲಾಯಿತು.

ಅಮೆರಿಕದಲ್ಲಿಯೂ ಹೀಗೆಯೇ ಆಯಿತು. 1944ರಲ್ಲಿ ನೌಕಾಪಡೆಯ ಹಡಗೊಂದರಲ್ಲಿ ಸ್ಮಿತ್ ಆಂಡ್ ವೆಸನ್ ಕಂಪನಿಯ ‘ವಿಕ್ಟರಿ’ ರಿವಾಲ್ವರ್ ಉಕ್ಕಿನ ನೆಲಕ್ಕೆ ಬಿದ್ದು ಗುಂಡು ಹಾರಿ ನಾವಿಕನೊಬ್ಬ ಮೃತಪಟ್ಟ. ಕಂಪನಿ ತಕ್ಷಣ ಒಳತಡೆಯ ವಿನ್ಯಾಸವನ್ನೇ ಬದಲಿಸಿತು. ಬಳಿಕ ರೂಗರ್ ಮುಂತಾದ ಕಂಪನಿಗಳು ‘ಟ್ರಾನ್ಸ್‌ಫರ್ ಬಾರ್’ ಎಂಬ ವ್ಯವಸ್ಥೆಯನ್ನು ಜನಪ್ರಿಯಗೊಳಿಸಿದವು. ಇದರಲ್ಲಿ ಕುದುರೆ ನೇರವಾಗಿ ಸೂಜಿಗೆ ಬಡಿಯುವುದೇ ಇಲ್ಲ. ಟ್ರಿಗರನ್ನು ಪೂರ್ತಿ ಎಳೆದಾಗ ಮಾತ್ರ ಮೇಲೇಳುವ ಪಟ್ಟಿಯೊಂದು ಪೆಟ್ಟನ್ನು ದಾಟಿಸುತ್ತದೆ.

ಆದ್ದರಿಂದ ಎರಡು ಅಪಾಯಗಳನ್ನು ಬೇರೆಬೇರೆಯಾಗಿ ನೋಡಬೇಕು. ಬಿದ್ದಾಗ ಹಾರುವ ಗುಂಡನ್ನು ತಡೆಯುವುದು ಒಳತಡೆ. ಕೈಯಲ್ಲಿದ್ದಾಗ ಬೇಡದೆ ಹಾರುವ ಗುಂಡನ್ನು ತಡೆಯುವುದು ಭಾರವಾದ ಎಳೆತ.

ನಾಲ್ಕು ಬಗೆ

ಪತ್ರಿಕೆಗಳಲ್ಲಿ, ನ್ಯಾಯಾಲಯದ ದಾಖಲೆಗಳಲ್ಲಿ ‘ಹ್ಯಾಮರ್‌ಲೆಸ್’ ಎಂಬ ಪದ ಆಗಾಗ ಬರುತ್ತದೆ. ಕುದುರೆಯೇ ಇಲ್ಲದ ರಿವಾಲ್ವರ್ ಎಂದು ಇದರ ಅರ್ಥವಲ್ಲ. ಕುದುರೆಯ ಹೊರರೂಪವನ್ನು ಅನುಸರಿಸಿ ರಿವಾಲ್ವರ್‌ಗಳನ್ನು ನಾಲ್ಕಾಗಿ ವಿಂಗಡಿಸಬಹುದು.

ಒಂದು, ಕೊಂಬುಳ್ಳ ತೆರೆದ ಕುದುರೆ. ವೆಬ್ಲಿ ಮಾರ್ಕ್ 4 ಮತ್ತು ಬಹುತೇಕ ಸಾಮಾನ್ಯ ರಿವಾಲ್ವರ್‌ಗಳು ಈ ಬಗೆಯವು.

ಎರಡು, ಬೋಳು ಕುದುರೆ. ಕುದುರೆ ಹೊರಗೆ ಕಾಣುತ್ತದೆ, ಚಾಚು ಇರುವುದಿಲ್ಲ. ಎನ್‌ಫೀಲ್ಡ್ ಮಾರ್ಕ್ 1 ಸ್ಟಾರ್ ಇದಕ್ಕೆ ಮಾದರಿ.

ಮೂರು, ಮರೆಮಾಡಿದ ಕುದುರೆ. ಎರಡೂ ಬದಿಗೆ ಲೋಹದ ಗೋಡೆ ಎದ್ದಿದ್ದು, ನಡುವೆ ಕೊಂಬಿನ ತುದಿ ಮಾತ್ರ ಇಣುಕುತ್ತದೆ. ಸ್ಮಿತ್ ಆಂಡ್ ವೆಸನ್ ಕಂಪನಿಯ 1955ರ ‘ಬಾಡಿಗಾರ್ಡ್’ ಈ ಬಗೆಯದು. ಜೇಬಿಗೆ ತೊಡಕಿಲ್ಲ, ಬೇಕೆಂದರೆ ಹೆಬ್ಬೆರಳಿನಿಂದ ಎತ್ತಲೂಬಹುದು.

ನಾಲ್ಕು, ಪೂರ್ತಿ ಮುಚ್ಚಿದ ಕುದುರೆ. ‘ಹ್ಯಾಮರ್‌ಲೆಸ್’ ಎನ್ನಿಸಿಕೊಳ್ಳುವುದು ಇದು. 1887ರಲ್ಲಿ ಇದೇ ಕಂಪನಿ ಹೊರತಂದ ‘ಸೇಫ್ಟಿ ಹ್ಯಾಮರ್‌ಲೆಸ್’ ಮತ್ತು ಕಂಪನಿಯ ಶತಮಾನೋತ್ಸವದ ಹೆಸರಿನಲ್ಲಿ 1952ರಲ್ಲಿ ಬಂದ ‘ಸೆಂಟೆನಿಯಲ್’ ಈ ಬಗೆಯವು. ಕುದುರೆ ಚೌಕಟ್ಟಿನೊಳಗೆ ಅಡಗಿರುತ್ತದೆ ಅಷ್ಟೇ.

ನಗರ ಪೊಲೀಸರು ಕಲಿತ ಪಾಠ

ಸೈನ್ಯಕ್ಕೆ ಕೊಂಬು ಸಿಕ್ಕಿಕೊಳ್ಳುವುದು ಸಮಸ್ಯೆಯಾಗಿದ್ದರೆ, ಪೊಲೀಸರಿಗೆ ಎತ್ತಿಟ್ಟ ಕುದುರೆಯೇ ಸಮಸ್ಯೆ. ಪೊಲೀಸನು ರಿವಾಲ್ವರ್ ತೆಗೆಯುವ ಸಂದರ್ಭಗಳಲ್ಲಿ ಹೆಚ್ಚಿನವು ಗುಂಡು ಹಾರಿಸದೆಯೇ ಮುಗಿಯುವಂಥವು. ಆರೋಪಿಯನ್ನು ಹೆದರಿಸಲೆಂದು ಕುದುರೆ ಎತ್ತಿದರೆ, ಆತ ಶರಣಾದ ಮೇಲೆ ಅದನ್ನು ಇಳಿಸಬೇಕು. ತುಂಬಿದ ತೋಟಾದ ಮೇಲೆ ಕುದುರೆಯನ್ನು ಹೆಬ್ಬೆರಳಿನಿಂದ ಹಿಡಿದು, ಟ್ರಿಗರ್ ಒತ್ತಿ, ನಿಧಾನವಾಗಿ ಕೆಳಗಿಳಿಸುವ ಆ ಕ್ಷಣ ರಿವಾಲ್ವರ್ ಬಳಕೆಯಲ್ಲಿಯೇ ಅತ್ಯಂತ ಅಪಾಯಕಾರಿ. ಬೆವೆತ ಬೆರಳು ಜಾರಿದರೆ ಮುಗಿಯಿತು. ಕೊಂಬೂ ಇಲ್ಲದೆ, ಎತ್ತಿ ನಿಲ್ಲಿಸುವ ಕಚ್ಚೂ ಇಲ್ಲದಿದ್ದರೆ ಆ ಕ್ಷಣವೇ ಬರುವುದಿಲ್ಲ.

ಬೆರಳು ಟ್ರಿಗರ್ ಮೇಲಿದ್ದಾಗ ಅರಿವಿಲ್ಲದೆ ಎಳೆತ ಉಂಟಾಗುವ ಮೂರು ಸಂದರ್ಭಗಳನ್ನು ಅಮೆರಿಕದ ಶರೀರಕ್ರಿಯಾ ವಿಜ್ಞಾನಿ ರೋಜರ್ ಎನೋಕಾ ಗುರುತಿಸಿದ್ದಾರೆ. ಕಾಲು ಎಡವಿ ಸಮತೋಲನ ತಪ್ಪುವುದು ಮೊದಲನೆಯದು. ಹಠಾತ್ ಸದ್ದಿಗೆ ಬೆಚ್ಚುವುದು ಎರಡನೆಯದು. ಒಂದು ಕೈಯಿಂದ ಆರೋಪಿಯನ್ನು ಬಿಗಿಯಾಗಿ ಹಿಡಿದಾಗ ಇನ್ನೊಂದು ಕೈಯೂ ತಾನಾಗಿ ಬಿಗಿಯಾಗುವುದು ಮೂರನೆಯದು. ಈ ಮೂರೂ ಪೊಲೀಸ್ ಕೆಲಸದ ನಿತ್ಯದ ಸಂದರ್ಭಗಳೆಂಬುದು ಗಮನಾರ್ಹ. ಹೀಗೆ ಬಿಗಿಯಾದ ಕೈ ಭಾರವಾದ ಎಳೆತವನ್ನೂ ದಾಟಬಲ್ಲದು. ಆದರೆ ಎರಡೂವರೆ ಕಿಲೋದ ಎಳೆತಕ್ಕಿಂತ ಆರು ಕಿಲೋದ ಎಳೆತದಲ್ಲಿ ಆ ಸಂಭವ ಕಡಿಮೆ.

ಇದನ್ನು ಮನಗಂಡು ಲಾಸ್ ಏಂಜಲೀಸ್ ಪೊಲೀಸ್ ಇಲಾಖೆ 1970ರ ದಶಕದಲ್ಲಿಯೇ ತನ್ನ ರಿವಾಲ್ವರ್‌ಗಳನ್ನು ಡಬಲ್ ಆಕ್ಷನ್‌ಗೆ ಮಾತ್ರ ಸೀಮಿತಗೊಳಿಸಿತು. ನ್ಯೂಯಾರ್ಕ್ ನಗರ ಪೊಲೀಸರಿಗೆ 1980ರ ದಶಕದ ಕೊನೆಯಲ್ಲಿ ಬೋಳು ಕುದುರೆಯ, ಡಬಲ್ ಆಕ್ಷನ್ ಮಾತ್ರವುಳ್ಳ ರಿವಾಲ್ವರ್‌ಗಳು ಬಂದವು. 1993ರಿಂದ ಅಲ್ಲಿ ಪಿಸ್ತೂಲುಗಳು ಪ್ರವೇಶಿಸಿದರೂ, ಹಳೆಯ ಸಿಬ್ಬಂದಿಯ ಕೈಯಲ್ಲಿ ಉಳಿದಿದ್ದ ರಿವಾಲ್ವರ್‌ಗಳು ಪೂರ್ತಿ ನಿವೃತ್ತಿಯಾದದ್ದು 2018ರಲ್ಲಿ.

ಮಯಾಮಿ ನಗರದ ಪ್ರಕರಣ ಇನ್ನೊಂದು ಮುಖವನ್ನು ತೋರಿಸುತ್ತದೆ. 1982ರ ಡಿಸೆಂಬರ್‌ನಲ್ಲಿ ಅಲ್ಲಿನ ಓವರ್‌ಟೌನ್ ಬಡಾವಣೆಯ ವಿಡಿಯೋ ಆಟದ ಅಂಗಡಿಯೊಂದರಲ್ಲಿ ಪೊಲೀಸ್ ಅಧಿಕಾರಿಯ ಗುಂಡಿಗೆ ಕಪ್ಪುವರ್ಣೀಯ ಯುವಕನೊಬ್ಬ ಬಲಿಯಾದ. ನಗರದಲ್ಲಿ ಗಲಭೆ ಭುಗಿಲೆದ್ದಿತು. ಅಧಿಕಾರಿ ಕುದುರೆ ಎತ್ತಿಟ್ಟಿದ್ದರಿಂದ ಅಜಾಗರೂಕತೆಯಲ್ಲಿ ಗುಂಡು ಹಾರಿತೆಂಬುದು ಅಭಿಯೋಜನೆಯ ವಾದ. ಆತ್ಮರಕ್ಷಣೆಗಾಗಿ ಉದ್ದೇಶಪೂರ್ವಕವಾಗಿಯೇ ಹಾರಿಸಿದೆನೆಂಬುದು ಅಧಿಕಾರಿಯ ಪ್ರತಿವಾದ. 1984ರಲ್ಲಿ ಜ್ಯೂರಿ ಅವರನ್ನು ಖುಲಾಸೆ ಮಾಡಿತು. ಆ ಬಳಿಕ ಮಯಾಮಿ ಪೊಲೀಸರ ರಿವಾಲ್ವರ್‌ಗಳಿಂದಲೂ ಸಿಂಗಲ್ ಆಕ್ಷನ್ ತೆಗೆಯಲಾಯಿತು. ಕುದುರೆ ಎತ್ತಲಾಗಿತ್ತೇ ಇಲ್ಲವೇ ಎಂಬ ಪ್ರಶ್ನೆಗೆ ಬೋಳು ಕುದುರೆಯಲ್ಲಿ ಆಸ್ಪದವೇ ಇರುವುದಿಲ್ಲ. ಗುಂಡು ಹಾರಿದೆ ಎಂದರೆ ಬೆರಳು ಉದ್ದದ, ಭಾರದ ಎಳೆತವನ್ನು ಪೂರ್ತಿ ಎಳೆದಿದೆ. ಹೀಗೆ ಇದು ಸುರಕ್ಷತೆಯ ಸಾಧನವಾಗಿರುವಷ್ಟೇ ಹೊಣೆಗಾರಿಕೆಯ ಸಾಧನವೂ ಹೌದು.

ಭಾರತದ ಠಾಣೆಗಳಲ್ಲಿ

ಭಾರತದಲ್ಲಿ ಪೇದೆಯ ಹೆಗಲಿಗೆ .410 ಮಸ್ಕೆಟ್ ಅಥವಾ .303 ರೈಫಲ್, ಸಬ್ ಇನ್‌ಸ್ಪೆಕ್ಟರ್ ಮತ್ತು ಮೇಲಿನವರ ಸೊಂಟಕ್ಕೆ .380 ರಿವಾಲ್ವರ್ ಎಂಬುದು ದಶಕಗಳ ವಾಡಿಕೆಯಾಗಿತ್ತು. ಬ್ರಿಟಿಷರು ಬಿಟ್ಟುಹೋದ ದಾಸ್ತಾನಿನಲ್ಲಿ ಕೊಂಬುಳ್ಳ ವೆಬ್ಲಿ ಮಾರ್ಕ್ 4 ಮತ್ತು ಬೋಳು ಎನ್‌ಫೀಲ್ಡ್ ಎರಡೂ ಇದ್ದವು. ಎರಡಕ್ಕೂ ಒಂದೇ ತೋಟಾ. ಮೊದಲು 200 ಗ್ರೇನ್ ತೂಕದ ಸೀಸದ ಗುಂಡಿದ್ದ ಈ ತೋಟಾಕ್ಕೆ ಎರಡನೇ ಮಹಾಯುದ್ಧಕ್ಕೆ ಮುನ್ನ 178 ಗ್ರೇನ್‌ನ, ಅಂದರೆ ಸುಮಾರು ಹನ್ನೊಂದೂವರೆ ಗ್ರಾಂನ, ಲೋಹದ ಕವಚದ ಗುಂಡು ಬಂದಿತು. ಭಾರತದ ಆರ್ಡ್‌ನೆನ್ಸ್ ಕಾರ್ಖಾನೆಗಳು ಸ್ವಾತಂತ್ರ್ಯಾನಂತರವೂ ದೀರ್ಘಕಾಲ ಇದನ್ನು ತಯಾರಿಸಿದವು.

ನೋಡಲು ಅಣ್ಣತಮ್ಮಂದಿರಂತಿರುವ ಈ ಎರಡು ಆಯುಧಗಳು ಬಳಕೆಯಲ್ಲಿ ಒಂದೇ ಅಲ್ಲ. ವೆಬ್ಲಿಯ ಕುದುರೆ ಎತ್ತಿ ಹಗುರವಾಗಿ ಹೊಡೆಯಲು ಕಲಿತ ಕೈಗೆ ಎನ್‌ಫೀಲ್ಡ್ ಕೊಟ್ಟರೆ ಗುರಿ ತಪ್ಪುತ್ತದೆ. ಎನ್‌ಫೀಲ್ಡ್‌ನ ಭಾರಕ್ಕೆ ಒಗ್ಗಿದ ಕೈಗೆ ಕುದುರೆ ಎತ್ತಿಟ್ಟ ವೆಬ್ಲಿ ಕೊಟ್ಟರೆ ಎಣಿಕೆಗೆ ಮುನ್ನವೇ ಗುಂಡು ಹಾರಬಹುದು. ತರಬೇತಿ ಆಯುಧಕ್ಕೆ ತಕ್ಕಂತಿರಬೇಕೆಂಬುದು ಇಲ್ಲಿನ ಪಾಠ.

ಸಾರ್ವಜನಿಕರಿಗೆ ಪೊಲೀಸರ .380 ಅಳತೆಯ ಆಯುಧ ನಿಷೇಧಿತ ವರ್ಗದ್ದು. ಪರವಾನಗಿದಾರರ ಬಳಿ ಸಾಮಾನ್ಯವಾಗಿ ಕಾಣುವುದು ಕಾನ್ಪುರದ ಸ್ಮಾಲ್ ಆರ್ಮ್ಸ್ ಫ್ಯಾಕ್ಟರಿಯ .32 ರಿವಾಲ್ವರ್. ಇದು ವೆಬ್ಲಿ ಮಾರ್ಕ್ 4ರ ವಂಶದ್ದೇ. ನಡುವೆ ಮಡಚಿ ತೆರೆದುಕೊಳ್ಳುವ ಚೌಕಟ್ಟು, ಆರು ಗುಂಡು, ಕೊಂಬುಳ್ಳ ಕುದುರೆ. ಮಹಿಳೆಯರ ಆತ್ಮರಕ್ಷಣೆಗೆಂದು 2014ರಲ್ಲಿ ಕಾನ್ಪುರದ ಫೀಲ್ಡ್ ಗನ್ ಫ್ಯಾಕ್ಟರಿ ಬಿಡುಗಡೆ ಮಾಡಿದ ‘ನಿರ್ಭೀಕ್’ ಕೂಡ ಇದೇ ಅಳತೆಯದು. 2021ರ ಅಕ್ಟೋಬರ್ 1ರಂದು ಆರ್ಡ್‌ನೆನ್ಸ್ ಕಾರ್ಖಾನೆಗಳ ಮಂಡಳಿಯನ್ನು ವಿಸರ್ಜಿಸಿ ಏಳು ಕಂಪನಿಗಳನ್ನಾಗಿ ಮಾಡಲಾಯಿತು. ಅವುಗಳಲ್ಲೊಂದಾದ ಅಡ್ವಾನ್ಸ್ಡ್ ವೆಪನ್ಸ್ ಆಂಡ್ ಇಕ್ವಿಪ್‌ಮೆಂಟ್ ಇಂಡಿಯಾ ಲಿಮಿಟೆಡ್ 2023ರಲ್ಲಿ ಪಕ್ಕಕ್ಕೆ ತೆರೆಯುವ ಸಿಲಿಂಡರ್ ಇರುವ ‘ಪ್ರಬಲ್’ ರಿವಾಲ್ವರನ್ನು ಹೊರತಂದಿತು.

ನಾಲ್ಕು ತಾಲ್ಲೂಕುಗಳ ಸಂದರ್ಭ

ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾವಿ, ಸವಣೂರ ಮತ್ತು ಹಿರೇಕೆರೂರ ತಾಲ್ಲೂಕುಗಳನ್ನು ಉದಾಹರಣೆಗೆ ತೆಗೆದುಕೊಂಡರೆ, ಈ ವಿಷಯ ರಾಜ್ಯದ ಸಣ್ಣ ಪಟ್ಟಣಗಳಿಗೂ ಎಷ್ಟು ಹತ್ತಿರದ್ದೆಂಬುದು ತಿಳಿಯುತ್ತದೆ. ಹಾನಗಲ್ಲ, ಹಿರೇಕೆರೂರ ಮತ್ತು ಶಿಗ್ಗಾವಿಯ ಪ್ರದೇಶ ಬ್ರಿಟಿಷರ ಕಾಲದಲ್ಲಿ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತ್ತು. ಸವಣೂರು ನವಾಬರ ಸಂಸ್ಥಾನವಾಗಿದ್ದು 1948ರಲ್ಲಿ ಮುಂಬಯಿ ರಾಜ್ಯದಲ್ಲಿ ವಿಲೀನವಾಯಿತು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಇಲ್ಲಿನ ಠಾಣೆಗಳು ಮುಂಬಯಿ ಪೊಲೀಸ್ ವ್ಯವಸ್ಥೆಯ ಭಾಗವಾಗಿದ್ದವು. 1997ರಲ್ಲಿ ಹಾವೇರಿ ಪ್ರತ್ಯೇಕ ಜಿಲ್ಲೆಯಾಯಿತು. ಶಿಗ್ಗಾವಿ ಬಳಿಯ ಗಂಗೇಬಾವಿಯಲ್ಲಿ ಕರ್ನಾಟಕ ರಾಜ್ಯ ಮೀಸಲು ಪೊಲೀಸ್‌ನ 10ನೇ ಪಡೆ ನೆಲೆಗೊಂಡಿದೆ.

ಹಾನಗಲ್ಲ ತಾಲ್ಲೂಕು ಮಲೆನಾಡಿನ ಸೆರಗಿನಲ್ಲಿದೆ. ಕಾಡುಹಂದಿಗಳಿಂದ ಬೆಳೆ ಕಾಯುವ ಕಷ್ಟ ಅಲ್ಲಿನ ರೈತರಿಗೆ ಗೊತ್ತು. ಶಸ್ತ್ರಾಸ್ತ್ರ ಕಾಯ್ದೆ, 1959ರ 13ನೇ ಕಲಂ ಬೆಳೆ ರಕ್ಷಣೆಗಾಗಿ ನಳಿಕೆಯ ಬಾಯಿಯಿಂದ ಮದ್ದು ತುಂಬುವ ಕೋವಿಗೆ ಪರವಾನಗಿ ನೀಡಲು ಅವಕಾಶ ಕೊಡುತ್ತದೆ. ಈ ಕೋವಿಯ ಕುದುರೆಗೆ ದೊಡ್ಡ ಕೊಂಬಿರುತ್ತದೆ. ಕೇಪಿನ ಮೇಲೆ ಕುದುರೆ ಕುಳಿತಿರುವಾಗ ಹಿಂದಿನಿಂದ ಪೆಟ್ಟು ಬಿದ್ದರೂ, ಪೊದೆಗೆ ಸಿಕ್ಕಿ ಅರ್ಧ ಎದ್ದು ಜಾರಿದರೂ ಗುಂಡು ಹಾರುತ್ತದೆ. ಟ್ಯಾಂಕಿನ ಸೈನಿಕನಿಗೆ ಎದುರಾದ ತೊಡಕೇ ಇದು.

ಈ ಆಯುಧಗಳೆಲ್ಲ ಒಟ್ಟಾಗಿ ಚಲಿಸುವ ಸಮಯವೊಂದಿದೆ, ಅದು ಚುನಾವಣೆ. ನೀತಿ ಸಂಹಿತೆ ಜಾರಿಯಾದಾಗ ಪರವಾನಗಿ ಆಯುಧಗಳನ್ನು ಪರಿಶೀಲಿಸಿ ಠಾಣೆಗಳಲ್ಲಿ ಠೇವಣಿ ಇರಿಸಿಕೊಳ್ಳುವುದು ವಾಡಿಕೆ. ಸಾರ್ವತ್ರಿಕ ಚುನಾವಣೆಗಳಲ್ಲದೆ, 2019ರ ಡಿಸೆಂಬರ್ 5ರಂದು ಹಿರೇಕೆರೂರಿನಲ್ಲಿ, 2021ರ ಅಕ್ಟೋಬರ್ 30ರಂದು ಹಾನಗಲ್ಲಿನಲ್ಲಿ, 2024ರ ನವೆಂಬರ್ 13ರಂದು ಸವಣೂರನ್ನೂ ಒಳಗೊಂಡ ಶಿಗ್ಗಾವಿ ಕ್ಷೇತ್ರದಲ್ಲಿ ಉಪಚುನಾವಣೆಗಳು ನಡೆದಿವೆ. ಐದು ವರ್ಷಗಳೊಳಗೆ ಈ ನಾಲ್ಕೂ ತಾಲ್ಲೂಕುಗಳು ಉಪಚುನಾವಣೆ ಕಂಡಿವೆ. ವರ್ಷಗಟ್ಟಲೆ ಕಪಾಟಿನಲ್ಲಿದ್ದ ರಿವಾಲ್ವರ್ ಹೊರಬಂದು, ಮಾಲೀಕನ ಕೈಯಿಂದ ಠಾಣೆಯ ಬರಹಗಾರನ ಕೈಗೆ, ಅಲ್ಲಿಂದ ಪೆಟ್ಟಿಗೆಗೆ ಹೋಗುವ ಈ ಹೊತ್ತಿನಲ್ಲಿ ಎಚ್ಚರ ಅತ್ಯಗತ್ಯ. ಆಯುಧವನ್ನು ಮನೆಯಲ್ಲಿಯೇ ಖಾಲಿ ಮಾಡಿ, ತೋಟಾಗಳನ್ನು ಬೇರೆಯಾಗಿ ಕಟ್ಟಿ, ಸಿಲಿಂಡರ್ ತೆರೆದ ಸ್ಥಿತಿಯಲ್ಲಿ ಮೇಜಿನ ಮೇಲಿಡುವುದು ಕ್ರಮ. ಪರೀಕ್ಷೆಗೆಂದು ಕುದುರೆ ಎತ್ತಿ ಇಳಿಸುವ ಅಭ್ಯಾಸ ಬಿಡತಕ್ಕದ್ದು.

ಹಾವೇರಿ ಜಿಲ್ಲೆಗೆ ಪೊಲೀಸ್ ಗುಂಡಿನ ನೆನಪೂ ಇದೆ. ಗೊಬ್ಬರಕ್ಕಾಗಿ ಬೀದಿಗಿಳಿದ ರೈತರ ಮೇಲೆ 2008ರ ಜೂನ್ 10ರಂದು ಹಾವೇರಿ ಪಟ್ಟಣದಲ್ಲಿ ನಡೆದ ಗೋಲಿಬಾರ್ ಇಬ್ಬರು ರೈತರ ಜೀವ ತೆಗೆದುಕೊಂಡಿತು. ಯಾವುದೇ ಗೋಲಿಬಾರ್ ನಂತರ ಜನ ಕೇಳುವ ಮೊದಲ ಪ್ರಶ್ನೆಗಳು ಒಂದೇ: ಗುಂಡು ಹಾರಿಸಿದ್ದು ಯಾರು, ಯಾರ ಆದೇಶದಂತೆ, ಹಾರಿಸಿದ್ದೋ ಹಾರಿದ್ದೋ? ‘ಹಾರಿಸಿದ್ದು’ ಮತ್ತು ‘ಹಾರಿದ್ದು’ ಎಂಬ ಎರಡು ಕ್ರಿಯಾಪದಗಳ ನಡುವೆ ನ್ಯಾಯದ ದೊಡ್ಡ ಅಂತರವಿದೆ. ಆಯುಧದ ಯಂತ್ರರಚನೆ ತಿಳಿದಿದ್ದರೆ ಆ ಅಂತರವನ್ನು ಅಳೆಯುವುದು ಸಾಧ್ಯ.

ಕಾನೂನು ಏನು ಹೇಳುತ್ತದೆ?

ಕೊಂಬು ತೆಗೆಯುವುದು ಇಷ್ಟು ಉಪಯುಕ್ತವಾದರೆ ಸ್ವಂತ ರಿವಾಲ್ವರ್‌ನದನ್ನೂ ತೆಗೆಸಬಹುದಲ್ಲ ಎಂಬ ಯೋಚನೆ ಪರವಾನಗಿದಾರರಿಗೆ ಬರಬಹುದು. ಇದು ಸಲ್ಲದು. ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಂ ಪ್ರಕಾರ ಆಯುಧಗಳ ಮಾರ್ಪಾಡು ಮತ್ತು ದುರಸ್ತಿ ಕೆಲಸಕ್ಕೆ ಪ್ರತ್ಯೇಕ ಪರವಾನಗಿ ಬೇಕು. ತಾಂತ್ರಿಕವಾಗಿಯೂ ಇದು ಅಪಾಯಕಾರಿ. ಕೊಂಬು ಹೋಗಿ ಒಳಗಿನ ಕಚ್ಚು ಉಳಿದರೆ, ಕುದುರೆ ಎತ್ತಿದ ಸ್ಥಿತಿಯಲ್ಲಿ ನಿಂತುಬಿಡಬಹುದು. ಆಗ ಅದನ್ನು ಸುರಕ್ಷಿತವಾಗಿ ಇಳಿಸಲು ಹಿಡಿತವೇ ಇರುವುದಿಲ್ಲ. ಕುದುರೆಯ ತೂಕ ಇಳಿದು ಪೆಟ್ಟು ಹಗುರವಾದರೆ ತೋಟಾ ಸಿಡಿಯದೆಯೂ ಹೋಗಬಹುದು. ನಿಜವಾದ ‘ಮಿಸ್‌ಫೈರ್’ ಎಂದರೆ ಇದು.

2019ರ ತಿದ್ದುಪಡಿ ಒಬ್ಬ ವ್ಯಕ್ತಿ ಹೊಂದಬಹುದಾದ ಆಯುಧಗಳನ್ನು ಮೂರರಿಂದ ಎರಡಕ್ಕೆ ಇಳಿಸಿ, ಪರವಾನಗಿಯ ಅವಧಿಯನ್ನು ಮೂರರಿಂದ ಐದು ವರ್ಷಕ್ಕೆ ಏರಿಸಿತು. ಅದೇ ತಿದ್ದುಪಡಿ, ಸಂಭ್ರಮಾಚರಣೆಯಲ್ಲಾಗಲಿ ಅಜಾಗರೂಕತೆಯಿಂದಾಗಲಿ ಇತರರ ಜೀವಕ್ಕೆ ಅಪಾಯವಾಗುವಂತೆ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶ ಮಾಡಿತು. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಅನ್ವಯಿಸುತ್ತದೆ. ಹಿಂದಿನ ಭಾರತೀಯ ದಂಡಸಂಹಿತೆಯ 304-ಎ ಕಲಂನಲ್ಲಿ ಗರಿಷ್ಠ ಎರಡು ವರ್ಷವಿದ್ದ ಶಿಕ್ಷೆ ಇದರಲ್ಲಿ ಐದು ವರ್ಷಕ್ಕೇರಿದೆ.

ವರದಿ ಓದುವಾಗ ಕೇಳಬೇಕಾದುದು

ಇಂದು ಪೊಲೀಸರ ಸೊಂಟದಲ್ಲಿ ರಿವಾಲ್ವರ್‌ಗಿಂತ 9 ಮಿ.ಮೀ. ಪಿಸ್ತೂಲು ಸಾಮಾನ್ಯ. ಆದರೂ ಸುದ್ದಿಗಳಲ್ಲಿ ‘ಸರ್ವಿಸ್ ರಿವಾಲ್ವರ್’ ಎಂಬ ಪದ ಉಳಿದುಕೊಂಡಿದೆ. ಇಛಾಪುರದ ಕಾರ್ಖಾನೆಯ 9 ಮಿ.ಮೀ. ಪಿಸ್ತೂಲು ಬ್ರೌನಿಂಗ್ ಮಾದರಿಯದು. ಇದರ ಕುದುರೆ ಎದ್ದಿದ್ದರೆ ಮಾತ್ರ ಗುಂಡು ಹಾರುತ್ತದೆ, ಟ್ರಿಗರ್ ಹಗುರ, ಬದಿಯಲ್ಲಿ ಸುರಕ್ಷಾ ಕೀಲಿ ಇದೆ. ಗ್ಲಾಕ್ ಪಿಸ್ತೂಲಿಗೆ ಕುದುರೆಯೇ ಇಲ್ಲ, ಒಳಗಿನ ಸೂಜಿಯೇ ಮುನ್ನುಗ್ಗುತ್ತದೆ. ಹೀಗೆ ಆಯುಧ ಬದಲಾದಂತೆ ಅಪಾಯದ ಕ್ಷಣವೂ ಬದಲಾಗುತ್ತದೆ.

ಆದ್ದರಿಂದ ‘ಆಕಸ್ಮಿಕವಾಗಿ ಗುಂಡು ಹಾರಿತು’ ಎಂದು ಓದಿದಾಗ ಕೆಲವು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಯೋಗ್ಯ. ಆಯುಧ ರಿವಾಲ್ವರೋ ಪಿಸ್ತೂಲೋ? ರಿವಾಲ್ವರ್ ಆಗಿದ್ದರೆ ಕುದುರೆ ಎತ್ತಲಾಗಿತ್ತೇ, ಎತ್ತುವ ಅವಕಾಶವಾದರೂ ಇತ್ತೇ? ಆಯುಧ ಬಿದ್ದಿತ್ತೆಂದರೆ ಒಳತಡೆ ಕೆಲಸ ಮಾಡುತ್ತಿತ್ತೇ? ವಿಧಿವಿಜ್ಞಾನ ಪ್ರಯೋಗಾಲಯದ ತಜ್ಞರು ಟ್ರಿಗರ್ ಎಳೆತವನ್ನು ತೂಕದಲ್ಲಿ ಅಳೆದು ವರದಿ ನೀಡುವುದು ಇಂಥ ಪ್ರಶ್ನೆಗಳಿಗೆ ಉತ್ತರ ದೊರೆಯಲೆಂದೇ.

ಒಳಭಾಗಗಳು ಸುಸ್ಥಿತಿಯಲ್ಲಿರುವ ರಿವಾಲ್ವರ್ ತಾನಾಗಿ ಗುಂಡು ಹಾರಿಸುವುದಿಲ್ಲ. ಕುದುರೆಯ ಕೊಂಬನ್ನು ತೆಗೆದವರು ಬಯಸಿದ್ದು ಇಷ್ಟೇ: ಗುಂಡು ಹಾರಬೇಕಾದರೆ ಹಾರಿಸುವವನಿಗೆ ಅದು ಗೊತ್ತಿರಬೇಕು.